ಶೇ 100 ಸುಂಕ, 351 ರೂಪಾಯಿ ಕನಿಷ್ಠ ಬೆಲೆ: ಆದರೂ ಹೊರದೇಶದ ಅಡಿಕೆ ಅಗ್ಗವಾಗುವುದು ಹೇಗೆ?

ತೋಟದಮನೆ (ಶಿರಸಿ)
ಲೆಕ್ಕ ತಿಳಿದವರು ಯಾರಾದರೂ ಬಿಡಿಸಿ ಹೇಳಿ. ಹೊರಗಿನ ಅಡಿಕೆಗೆ ಶೇ 100 ಆಮದು ಸುಂಕ ಇದೆ. ಅದರ ಜೊತೆಗೆ ಕೆ.ಜಿ.ಗೆ 351 ರೂಪಾಯಿಗಿಂತ ಕಡಿಮೆ ಬೆಲೆಯ ಅಡಿಕೆ ದೇಶದೊಳಗೆ ಬರುವಂತಿಲ್ಲ ಎಂದು 2023ರ ಫೆಬ್ರವರಿಯಲ್ಲಿ ಆದೇಶವೂ ಆಗಿದೆ. ಎರಡನ್ನೂ ಕೂಡಿಸಿದರೆ ಹೊರಗಿನ ಅಡಿಕೆ ಇಲ್ಲಿಗೆ ಬರುವಷ್ಟರಲ್ಲಿ ಕೆ.ಜಿ.ಗೆ ಏಳುನೂರು ದಾಟಬೇಕು. ನಮ್ಮ ರಾಶಿ (ಬೇಯಿಸಿ ಒಣಗಿಸಿದ ಕೆಂಪಡಿಕೆ) ಐನೂರರ ಆಸುಪಾಸಿನಲ್ಲಿದೆ. ಏಳುನೂರರ ಮಾಲು ತಂದು ಐನೂರಕ್ಕೆ ಮಾರುವ ಪುಣ್ಯಾತ್ಮ ಯಾರು?

ಆದರೂ ಕಳೆದ ವಾರ ವ್ಯಾಪಾರಿ, ‘ಉತ್ತರದ ಪಾರ್ಟಿಗಳ ಹತ್ತಿರ ಹೊರಗಿನ ಮಾಲು ರಾಶಿ ಬಿದ್ದಿದೆ, ಬೇಡಿಕೆ ಇಲ್ಲ’ ಎಂದು ಹೇಳಿ ಟೆಂಡರಿನಲ್ಲಿ ದರ ಇಳಿಸಿದ. ಅವನ ಮಾತು ಸುಳ್ಳೋ, ಸುಂಕವೇ ಸುಳ್ಳೋ?

ಹಳೆಚಾಲಿ (ಪುತ್ತೂರು)
ವ್ಯಾಪಾರಿ ದರ ಇಳಿಸಲು ಆಮದು ಆಗಿಯೇ ತೀರಬೇಕೆಂದಿಲ್ಲ ಮಾರಾಯರೇ. ಆಮದಿನ ಸುದ್ದಿ ಬಂದರೆ ಸಾಕು.

ಕಟ್ಟೆಪುರಾಣ (ಸಾಗರ)
ಪರಿಹಾರ ಸುಲಭ. ಸುಂಕವನ್ನು ಶೇ 300 ಮಾಡಲಿ. ಒಂದು ಕಾಯಿಯೂ ಒಳಗೆ ಬರುವುದಿಲ್ಲ. ಖಾದ್ಯ ತೈಲಕ್ಕೆ ಅಷ್ಟು ಹಾಕಲು ಅವಕಾಶ ಇದೆಯಂತೆ, ಅಡಿಕೆಗೆ ಮಾತ್ರ ಏಕಿಲ್ಲ?

ಬಿಲ್ಲುಬರಹ (ಮಂಗಳೂರು)
ನಾನು ಕಸ್ಟಮ್ಸ್ ಬ್ರೋಕರ್ ಕಚೇರಿಯಲ್ಲಿ ಬಿಲ್ ಆಫ್ ಎಂಟ್ರಿ (ಆಮದು ಮಾಲಿನ ಘೋಷಣಾ ಪತ್ರ) ಬರೆಯುವವನು. ಸಾಗರದವರಿಗೆ ಮೊದಲು ಉತ್ತರಿಸುತ್ತೇನೆ. ವಿಶ್ವ ವ್ಯಾಪಾರ ಸಂಸ್ಥೆಗೆ ಸೇರುವಾಗ ಯಾವ ವಸ್ತುವಿಗೆ ಗರಿಷ್ಠ ಎಷ್ಟು ಸುಂಕ ಹಾಕುತ್ತೇವೆ ಎಂದು ಭಾರತ ಬರೆದುಕೊಟ್ಟಿದೆ. ಸ್ಥೂಲವಾಗಿ ಕಚ್ಚಾ ಕೃಷಿ ಉತ್ಪನ್ನಕ್ಕೆ ಶೇ 100, ಸಂಸ್ಕರಿಸಿದ್ದಕ್ಕೆ 150, ಖಾದ್ಯ ತೈಲಕ್ಕೆ 300. ಅಡಿಕೆ ಈಗಾಗಲೇ ನೂರರಲ್ಲಿದೆ, ಅಂದರೆ ಏಣಿಯ ಕೊನೆಯ ಮೆಟ್ಟಿಲಲ್ಲಿದೆ. ಕನಿಷ್ಠ ಆಮದು ಬೆಲೆ ಎಂಬ ಎರಡನೆಯ ಬೇಲಿ ಹಾಕಿದ್ದೂ ಅದಕ್ಕೇ.

ಇನ್ನು ತೋಟದಮನೆಯವರ ಲೆಕ್ಕ. ಯಾವ ಒಪ್ಪಂದದ ರಿಯಾಯಿತಿಯೂ ಇಲ್ಲದೆ 351 ರೂಪಾಯಿಯ ಮೇಲೆ ಲೆಕ್ಕ ಹಾಕಿದರೆ:

ಮೂಲ ಸೀಮಾ ಸುಂಕ ಶೇ 100: 351 ರೂ.
ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಸರ್ಚಾರ್ಜ್: 35.10 ರೂ.
ಇಲ್ಲಿಯವರೆಗೆ 737.10. ಇದರ ಮೇಲೆ ಐಜಿಎಸ್‌ಟಿ (ಆಮದು ಮಾಲಿನ ಜಿಎಸ್‌ಟಿ) ಶೇ 5: 36.86 ರೂ.
ಒಟ್ಟು 773.96.

ನೀವು ಹೇಳಿದ್ದು ಸರಿ, ಈ ದಾರಿಯಲ್ಲಿ ಯಾರೂ ತರುವುದಿಲ್ಲ. ತರುವವರ ದಾರಿ ಬೇರೆ. ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದದಲ್ಲಿ ಬಡ ದೇಶಗಳಿಗಿರುವ ರಿಯಾಯಿತಿ ಅಥವಾ ಶ್ರೀಲಂಕಾ ಜೊತೆಗಿನ ಒಪ್ಪಂದದ ರಿಯಾಯಿತಿ ಸಿಕ್ಕರೆ ಮೂಲ ಸುಂಕ ಸೊನ್ನೆ, ಸರ್ಚಾರ್ಜೂ ಸೊನ್ನೆ. ಆಗ ಲೆಕ್ಕ 351 ಮತ್ತು ಶೇ 5 ಮಾತ್ರ: 368.55. ಆ 5 ಕೂಡ ಮುಂದೆ ತೆರಿಗೆ ಜಮೆಯಾಗಿ ವಾಪಸಾಗುತ್ತದೆ. 774 ಎಲ್ಲಿ, 369 ಎಲ್ಲಿ! ನಡುವೆ ಇರುವುದು ‘ಈ ಅಡಿಕೆ ನಮ್ಮ ದೇಶದಲ್ಲೇ ಬೆಳೆದದ್ದು’ ಎನ್ನುವ ಒಂದು ಹಾಳೆ ಪತ್ರ.

ತೋಟದಮನೆ (ಶಿರಸಿ)
ಆದರೂ 351 ಇದ್ದೇ ಇದೆಯಲ್ಲ? ಅಲ್ಲಿ ಅಡಿಕೆ ಅಷ್ಟು ದುಬಾರಿಯೇ?

ಬಿಲ್ಲುಬರಹ (ಮಂಗಳೂರು)
ದುಬಾರಿ ಇರಬೇಕಾಗಿಲ್ಲ, ಬಿಲ್ಲಿನಲ್ಲಿ ದುಬಾರಿ ಎಂದು ಬರೆದರೆ ಆಯಿತು. ಸುಂಕ ಕಳ್ಳರು ಸಾಮಾನ್ಯವಾಗಿ ಬೆಲೆಯನ್ನು ಕಡಿಮೆ ತೋರಿಸುತ್ತಾರೆ. ಕನಿಷ್ಠ ಆಮದು ಬೆಲೆ ಇರುವ ಮಾಲಿನಲ್ಲಿ ಎಲ್ಲವೂ ತಿರುವುಮುರುವು, ಹೆಚ್ಚು ತೋರಿಸುತ್ತಾರೆ. 200 ರೂಪಾಯಿಗೆ ಕೊಂಡ ಅಡಿಕೆಗೆ 351ರ ಇನ್‌ವಾಯ್ಸ್ ಮಾಡಿಸುತ್ತಾರೆ ಎಂದು ಇಟ್ಟುಕೊಳ್ಳಿ. ಸುಂಕ ಸೊನ್ನೆ ಆಗಿರುವುದರಿಂದ ಬೆಲೆ ಏರಿಸಿ ಬರೆದರೆ ಕಳೆದುಕೊಳ್ಳುವುದೇನೂ ಇಲ್ಲ. ಹೆಚ್ಚುವರಿ 151 ರೂಪಾಯಿ ಬ್ಯಾಂಕಿನ ಮೂಲಕವೇ, ಚೊಕ್ಕವಾಗಿ, ಹೊರಗೆ ಹೋಗುತ್ತದೆ. ಬೇರೆ ಬಾಗಿಲಿನಿಂದ ವಾಪಸ್ ಬರುತ್ತದೆ. ಸುಂಕ ತಪ್ಪಿಸುವ ಕೆಲಸ ಒಂದು, ಹಣ ದಾಟಿಸುವ ಕೆಲಸ ಇನ್ನೊಂದು, ಎರಡಕ್ಕೂ ಒಂದೇ ಇನ್‌ವಾಯ್ಸ್.

ಲೆಕ್ಕಪರಿಶೋಧಕ (ಹುಬ್ಬಳ್ಳಿ)
ಬಿಲ್ಲುಬರಹ ಅವರೇ, ನಿಮ್ಮ 774ರ ಲೆಕ್ಕ ತಪ್ಪು. ಅಡಿಕೆಗೆ ಸುಂಕ ಹಾಕುವುದು ಇನ್‌ವಾಯ್ಸ್ ಬೆಲೆಯ ಮೇಲೆ ಅಲ್ಲ, 351ರ ಮೇಲೂ ಅಲ್ಲ. ಕಸ್ಟಮ್ಸ್ ಕಾಯ್ದೆಯ ಸೆಕ್ಷನ್ 14(2)ರ ಅಡಿಯಲ್ಲಿ ಕೇಂದ್ರ ಪರೋಕ್ಷ ತೆರಿಗೆ ಮತ್ತು ಸೀಮಾಸುಂಕ ಮಂಡಳಿ ಅಡಿಕೆಗೆ ‘ತಾರಿಫ್ ಮೌಲ್ಯ’, ಅಂದರೆ ಸುಂಕ ಲೆಕ್ಕ ಹಾಕುವ ಬೆಲೆ, ನಿಗದಿ ಮಾಡುತ್ತದೆ. ಟನ್ನಿಗೆ ಇಷ್ಟು ಡಾಲರ್ ಎಂದು ಹದಿನೈದು ದಿನಕ್ಕೊಮ್ಮೆ ಪ್ರಕಟವಾಗುತ್ತದೆ. ತಾಳೆ ಎಣ್ಣೆ, ಚಿನ್ನ, ಬೆಳ್ಳಿ, ಹಿತ್ತಾಳೆ ಗುಜರಿ ಇರುವ ಪಟ್ಟಿಯಲ್ಲೇ ನಮ್ಮ ಅಡಿಕೆಯೂ ಇದೆ.

ಬಿಲ್ಲುಬರಹ (ಮಂಗಳೂರು)
ತಾರಿಫ್ ಮೌಲ್ಯ ಇರುವುದು ನಿಜ. ನಾನು ‘351ರ ಮೇಲೆ ಲೆಕ್ಕ ಹಾಕಿದರೆ’ ಎಂದು ಬರೆದದ್ದನ್ನು ಓದದೆ ಬಂದಿದ್ದೀರಿ. 351 ಎಂಬುದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಷರತ್ತು. ವಿಮೆ, ಹಡಗಿನ ಬಾಡಿಗೆ ಸೇರಿದ ಬೆಲೆ ಅದಕ್ಕಿಂತ ಕಡಿಮೆಯಾದರೆ ಮಾಲು ‘ನಿಷೇಧಿತ’ ಆಗುತ್ತದೆ. ತಾರಿಫ್ ಮೌಲ್ಯ ಕಸ್ಟಮ್ಸ್ ಇಲಾಖೆಯದು, ಸುಂಕದ ಲೆಕ್ಕಕ್ಕೆ ಮಾತ್ರ. ಎರಡೂ ಒಟ್ಟಿಗೇ ಕೆಲಸ ಮಾಡುತ್ತವೆ. ಸುಂಕದ ದರ ಸೊನ್ನೆಯಾದಾಗ ನಿಮ್ಮ ತಾರಿಫ್ ಮೌಲ್ಯ ಎಷ್ಟಿದ್ದರೂ ಗುಣಿಸಿದರೆ ಬರುವುದು ಸೊನ್ನೆಯೇ.

ಲೆಕ್ಕಪರಿಶೋಧಕ (ಹುಬ್ಬಳ್ಳಿ)
ಐಜಿಎಸ್‌ಟಿ ಸೊನ್ನೆ ಆಗುವುದಿಲ್ಲ. ಅದಕ್ಕೂ ತಾರಿಫ್ ಮೌಲ್ಯವೇ ಆಧಾರ. ಇರಲಿ, ಮೂಲ ವಿಷಯದಲ್ಲಿ ಜಗಳವಿಲ್ಲ.

ಮೆಣಸಿನಬಳ್ಳಿ (ಮಡಿಕೇರಿ)
ಈ ಕಥೆಯನ್ನು ನಾವು ಕೊಡಗಿನವರು ಮೊದಲೇ ಅನುಭವಿಸಿದ್ದೇವೆ. ಕರಿಮೆಣಸಿಗೆ ಸಾಮಾನ್ಯ ಸುಂಕ ಶೇ 70. ಶ್ರೀಲಂಕಾದಿಂದ ವರ್ಷಕ್ಕೆ 2,500 ಟನ್ ಸುಂಕವಿಲ್ಲದೆ ಬರಬಹುದು, ಅದರಾಚೆ ದಕ್ಷಿಣ ಏಷ್ಯಾ ಒಪ್ಪಂದದಲ್ಲಿ ಶೇ 8. ವಿಯೆಟ್ನಾಮಿನ ಮೆಣಸು ಕೊಲಂಬೊ ಬಂದರಿನಲ್ಲಿ ಇಳಿದು, ಚೀಲ ಬದಲಿಸಿಕೊಂಡು, ಶ್ರೀಲಂಕಾದ ಮೆಣಸಾಗಿ ನಮ್ಮಲ್ಲಿಗೆ ಬಂತು. ಕೂಗಾಡಿದ ಮೇಲೆ 2017ರ ಡಿಸೆಂಬರಿನಲ್ಲಿ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಬೆಲೆ ಹಾಕಿದರು. ಆಗ ಖುಷಿಪಟ್ಟೆವು. ಈಗ ಮಾರುಕಟ್ಟೆಯೇ ಆರುನೂರು ದಾಟಿ ಹೋಗಿದೆ, ಐನೂರರ ಬೇಲಿ ಮೊಣಕಾಲೆತ್ತರ. ರೂಪಾಯಿಯಲ್ಲಿ ಬರೆದಿಟ್ಟ ಬೇಲಿಗೆ ಬೆಳೆಯುವ ಗುಣ ಇಲ್ಲ. ನಿಮ್ಮ ಅಡಿಕೆಗೂ ಅದೇ ಆಗುತ್ತದೆ: 2017ರಲ್ಲಿ 251, 2023ರಲ್ಲಿ 351. ನಡುವಿನ ಆರು ವರ್ಷ ಯಾರ ಲಾಭಕ್ಕೆ?

ಬಯಲುಸೀಮೆ (ಚನ್ನಗಿರಿ)
ಎಲ್ಲರೂ ಆಮದನ್ನೇ ಬೈಯುತ್ತೀರಿ. ನಮ್ಮ ಕಡೆ ಭದ್ರಾ ನಾಲೆ ಇದ್ದಲ್ಲೆಲ್ಲ ಗದ್ದೆ ಹೋಗಿ ತೋಟ ಬಂದಿದೆ. ನಾಲೆ ಇಲ್ಲದ ಕಡೆ ಸಾವಿರ ಅಡಿ ಕೊಳವೆಬಾವಿ ಕೊರೆದು ಸಸಿ ನೆಟ್ಟಿದ್ದಾರೆ. ಆ ತೋಟಗಳೆಲ್ಲ ಫಸಲಿಗೆ ಬಂದ ಮೇಲೆ ದರ ಇಳಿದರೆ ಯಾವ ದೇಶವನ್ನು ಬೈಯುತ್ತೀರಿ?

ಕಟ್ಟೆಪುರಾಣ (ಸಾಗರ)
ನೀವು ಭತ್ತ ಬೆಳೆಯುವುದನ್ನು ಬಿಟ್ಟು ಅಡಿಕೆ ಹಾಕಿದ್ದೇ ಮೊದಲ ಆಮದು ಸ್ವಾಮಿ.

ಬಯಲುಸೀಮೆ (ಚನ್ನಗಿರಿ)
ಅಡಿಕೆ ನೆಡಲು ಮಲೆನಾಡಿನವರ ಅಪ್ಪಣೆ ಬೇಕೆಂದು ಯಾವ ಕಾಯ್ದೆಯಲ್ಲಿದೆ? ನಮ್ಮಲ್ಲಿ ಕೊಳೆರೋಗವೂ ಇಲ್ಲ, ಎಲೆಚುಕ್ಕೆಯ ಕಾಟವೂ ನಿಮ್ಮಷ್ಟಿಲ್ಲ. ಹೊಟ್ಟೆಯುರಿ ಎಂದು ನೇರವಾಗಿ ಹೇಳಿ.

ನಿರ್ವಾಹಕ
ಮಲೆನಾಡು–ಬಯಲುಸೀಮೆ ಜಗಳಕ್ಕೆ ಬೇರೆ ಎಳೆ ಇದೆ. ಇಲ್ಲಿ ಸುಂಕದ ಮಾತು ಮಾತ್ರ.

ಹಳೆಚಾಲಿ (ಪುತ್ತೂರು)
ಭೂತಾನಿನ ಅಡಿಕೆಯ ಬಗ್ಗೆ ಯಾರೂ ಹೇಳಲಿಲ್ಲ. 2022ರಲ್ಲಿ ವರ್ಷಕ್ಕೆ 17,000 ಟನ್ ತರಲು ಕನಿಷ್ಠ ಬೆಲೆಯ ಷರತ್ತೂ ಇಲ್ಲದೆ ಬಾಗಿಲು ತೆರೆದರು. ಪಶ್ಚಿಮ ಬಂಗಾಳದ ಜೈಗಾಂವ್ ಮೂಲಕ.

ತೋಟದಮನೆ (ಶಿರಸಿ)
ಅದು ಹಸಿ ಅಡಿಕೆ. ಹಸಿ ಗೊನೆ ಒಣಗಿಸಿ ಸುಲಿದರೆ ಕಾಲು ಭಾಗವೂ ಕೈಗೆ ಸಿಗುವುದಿಲ್ಲ ಎನ್ನುವುದು ಅಂಗಳದಲ್ಲಿ ಅಡಿಕೆ ಹರಡಿದ ಎಲ್ಲರಿಗೂ ಗೊತ್ತು. 17,000 ಟನ್ ಎಂದರೆ ಒಣ ಅಡಿಕೆ ನಾಲ್ಕು ಸಾವಿರ ಟನ್ ಆದರೆ ಹೆಚ್ಚು. ದೇಶದ ಬೆಳೆ ಹತ್ತು ಲಕ್ಷ ಟನ್ ಮೀರಿದೆ. ಪತ್ರಿಕೆಗಳು 17,000 ಎಂದು ದಪ್ಪಕ್ಷರದಲ್ಲಿ ಹಾಕಿದ ದಿನ ಇಲ್ಲಿ ದರ ಬಿತ್ತು, ಅಷ್ಟೇ. ನನಗೆ ಭಯ ಭೂತಾನಿನದಲ್ಲ, ಮ್ಯಾನ್ಮಾರ್ ಗಡಿಯದು. ಮಿಜೋರಾಮಿನ ಚಂಫಾಯ್ ಕಡೆ ಅಸ್ಸಾಂ ರೈಫಲ್ಸ್‌ನವರು ಚೀಲಗಟ್ಟಲೆ ಅಡಿಕೆ ಹಿಡಿದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಹಿಡಿದದ್ದೇ ಅಷ್ಟಾದರೆ ಬಿಟ್ಟದ್ದೆಷ್ಟು?

ಸಣ್ಣಆಮದು (ಬೆಂಗಳೂರು)
ನನ್ನದು ಬೇರೆ ಗೋಳು, ಆದರೆ ಇಲ್ಲಿಗೆ ಹೊಂದುತ್ತದೆ. ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಇದೆಯಲ್ಲ, ಮರ ಹತ್ತದೆ ನೆಲದಲ್ಲೇ ನಿಂತು ಗೊನೆ ಇಳಿಸುವುದು, ಅದರ ಕೊಳವೆಗಳನ್ನು ಚೀನಾದಿಂದ ತರಿಸಿದೆ. ತುದಿಯ ಕತ್ತಿಯನ್ನು ಇಲ್ಲಿಯ ಕಮ್ಮಾರರೇ ಮಾಡಿಕೊಡುತ್ತಾರೆ, ಅದೇ ಚೆನ್ನಾಗಿ ಹಿಡಿಯುತ್ತದೆ. ಕೃಷಿ ಕೈಸಲಕರಣೆ ಎಂದು ಸುಂಕಪಟ್ಟಿಯ 8201ನೆಯ ವರ್ಗದ ಅಡಿಯಲ್ಲಿ ಬಿಲ್ ಆಫ್ ಎಂಟ್ರಿ ಹಾಕಿಸಿದೆ. ಅದಕ್ಕೆ ಜಿಎಸ್‌ಟಿ ಇಲ್ಲ.

ಮೌಲ್ಯಮಾಪನ ಈಗ ಮುಖರಹಿತ. ಮಾಲು ಒಂದು ಊರಿನಲ್ಲಿ, ಕಡತ ನೋಡುವ ಅಧಿಕಾರಿ ಇನ್ನೊಂದು ಊರಿನಲ್ಲಿ. ಗಣಕದಲ್ಲಿ ಪ್ರಶ್ನೆ ಬಂತು: ‘ಇದನ್ನು 6815ರ ಅಡಿ, ಕಾರ್ಬನ್ ಫೈಬರ್ ವಸ್ತು ಎಂದು ಏಕೆ ಪರಿಗಣಿಸಬಾರದು?’ ಅಲ್ಲಿ ಶೇ 18. ಗೊನೆ ಕೊಯ್ಯುವ ಚಿತ್ರ ಕಳಿಸಿದೆ. ಮರುಪ್ರಶ್ನೆ: ‘ಚಿತ್ರದಲ್ಲಿರುವ ಕತ್ತಿ ಸರಕಿನಲ್ಲಿ ಎಲ್ಲಿದೆ?’ ಕತ್ತಿ ಕಮ್ಮಾರನ ಕುಲುಮೆಯಲ್ಲಿದೆ ಎಂದು ಬರೆಯಲೇ? ಅಡಿಕೆ ಮರವನ್ನೇ ನೋಡಿರದವರಿಗೆ ದೋಟಿ ಎಂದರೇನೆಂದು ವಿವರಿಸುವುದು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆಯೇ ಆಯಿತು. ಅಷ್ಟರಲ್ಲಿ ಕಂಟೇನರ್ ಡಿಪೊದ ನೆಲಬಾಡಿಗೆ ಒಂದು ಕಡೆ, ಕಂಟೇನರ್ ತಡವಾಗಿ ಮರಳಿಸಿದ್ದಕ್ಕೆ ಹಡಗು ಕಂಪನಿ ಹಾಕುವ ಡಿಟೆನ್ಷನ್ ಶುಲ್ಕ ಇನ್ನೊಂದು ಕಡೆ ಏರುತ್ತಿತ್ತು. ಕೊಯ್ಲು ಶುರುವಾಗಿತ್ತು, ಗಿರಾಕಿಗಳು ಕೂಗುತ್ತಿದ್ದರು. ಶೇ 18 ಕಟ್ಟಿ ಬಿಡಿಸಿಕೊಂಡೆ.

ನನ್ನ ಸಿಟ್ಟು ಇಷ್ಟೇ. ನಾಲ್ಕು ಕೋಲಿಗೆ ಇಷ್ಟು ಪ್ರಶ್ನೆ ಕೇಳುವವರ ಕಣ್ಣು ತಪ್ಪಿಸಿ ಕಂಟೇನರುಗಟ್ಟಲೆ ಅಡಿಕೆ ಬರುತ್ತದೆ ಎಂದರೆ ಏನರ್ಥ?

ಬಿಲ್ಲುಬರಹ (ಮಂಗಳೂರು)
ಸಿಟ್ಟು ಅರ್ಥವಾಗುತ್ತದೆ, ಆದರೆ ಅಧಿಕಾರಿ ಕೇಳಿದ್ದು ಸರಿಯಾದ ಪ್ರಶ್ನೆ. 82ನೆಯ ಅಧ್ಯಾಯದ ಸಲಕರಣೆಗೆ ಕೆಲಸ ಮಾಡುವ ಅಂಚು ಲೋಹದ್ದೋ ಅಂಥದ್ದೋ ಇರಬೇಕು ಎಂದು ಅಧ್ಯಾಯದ ಮೊದಲ ಟಿಪ್ಪಣಿಯೇ ಹೇಳುತ್ತದೆ. ಕತ್ತಿಯಿಲ್ಲದ ದೋಟಿ ಕಾನೂನಿನ ಕಣ್ಣಿಗೆ ಕೊಳವೆ ಮಾತ್ರ. ಅಪೂರ್ಣ ವಸ್ತುವಿಗೂ ಪೂರ್ಣ ವಸ್ತುವಿನ ಮುಖ್ಯ ಲಕ್ಷಣ ಇದ್ದರೆ ಅದೇ ವರ್ಗ ಎಂಬ ನಿಯಮ ಇದೆ. ಆದರೆ ದೋಟಿಯ ಮುಖ್ಯ ಲಕ್ಷಣ ಕೋಲೋ ಕತ್ತಿಯೋ ಎಂಬ ವಾದದಲ್ಲಿ ನೀವು ಗೆಲ್ಲುತ್ತೀರಿ ಎಂದು ನಾನು ಪಣ ಕಟ್ಟುವುದಿಲ್ಲ.

ಎರಡು ಮಾತು ನೆನಪಿಡಿ. ನಿಮ್ಮ ಒಪ್ಪಿಗೆಯಿಲ್ಲದೆ ವರ್ಗ ಬದಲಿಸಿದರೆ ಸೆಕ್ಷನ್ 17(5)ರ ಪ್ರಕಾರ ಹದಿನೈದು ದಿನದೊಳಗೆ ಕಾರಣ ಸಹಿತ ಆದೇಶ ಕೊಡಬೇಕು. ‘ಒಪ್ಪಿದ್ದೇನೆ’ ಎಂದು ಬರೆದುಕೊಟ್ಟರೆ ಆ ಹಕ್ಕು ಹೋಯಿತು. ಅವಸರದಲ್ಲಿ ಎಲ್ಲರೂ ಬರೆದುಕೊಡುತ್ತಾರೆ. ಎರಡನೆಯದು, ಮುಂದಿನ ಸರಕು ತರುವ ಮೊದಲೇ ಅದು ಯಾವ ವರ್ಗಕ್ಕೆ ಸೇರುತ್ತದೆ ಎಂದು ಮುಂಗಡ ತೀರ್ಪು ಕೇಳಿ. ಅದಕ್ಕೆ ದೆಹಲಿ ಮತ್ತು ಮುಂಬೈಯಲ್ಲಿ ಪ್ರಾಧಿಕಾರಗಳಿವೆ.

ಸಣ್ಣಆಮದು (ಬೆಂಗಳೂರು)
ನಾಲ್ಕು ಕೋಲಿಗೆ ಮುಂಬೈ ಪ್ರಾಧಿಕಾರವೇ! ವಕೀಲರ ಶುಲ್ಕದಲ್ಲಿ ಇನ್ನೊಂದು ಸರಕು ಬರುತ್ತದೆ.

ಲೆಕ್ಕಪರಿಶೋಧಕ (ಹುಬ್ಬಳ್ಳಿ)
ನೀವು ನಗುತ್ತೀರಿ, ಅಡಿಕೆಯ ದೊಡ್ಡ ಕುಳಗಳು ಅದನ್ನೇ ಬಳಸಿಕೊಂಡರು. ಹಸಿ, ಒಣ ಅಡಿಕೆ 0802ರಲ್ಲಿ ಬರುತ್ತದೆ, ಸುಂಕ ಶೇ 100. ಅದೇ ಅಡಿಕೆಯನ್ನು ‘ಹುರಿದದ್ದು’ ಎಂದರೆ ಆಗ 2008 19 20, ಮೂಲ ಸುಂಕ ಶೇ 30 ಇತ್ತು. ಮುಂಗಡ ತೀರ್ಪು ಕೇಳಿದರು, ಹುರಿದ ಅಡಿಕೆ 2008ರದೇ ಎಂದು ಪಡೆದರು. ಮದ್ರಾಸ್ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. 351ರ ಷರತ್ತು 0802ಕ್ಕೆ ಮಾತ್ರ ಇದ್ದುದರಿಂದ ಆ ಬೇಲಿಯೂ ಅಡ್ಡ ಬರಲಿಲ್ಲ. ಕೊನೆಗೆ 2025ರ ಏಪ್ರಿಲಿನಲ್ಲಿ ಹುರಿದ ಅಡಿಕೆಗೂ 351 ಎಂದು ಆದೇಶ ಬಂತು.

ತೋಟದಮನೆ (ಶಿರಸಿ)
ಹುರಿದ ಅಡಿಕೆ! ಹುರಿದದ್ದೋ, ಬಿಸಿಲಿಗೆ ಒಣಗಿದ್ದೋ ಎಂದು ನೋಡಿ ಹೇಳಲು ಪ್ರಯೋಗಾಲಯ ಬೇಕೇ? ಕಚ್ಚಿ ನೋಡಿದರೆ ಗೊತ್ತಾಗುತ್ತದೆ. ನಮ್ಮ ಸೊಸೈಟಿಯ ಗ್ರೇಡಿಂಗ್ ಮಾಡುವ ಹೆಂಗಸರನ್ನು ಬಂದರಿನಲ್ಲಿ ಕೂರಿಸಲಿ. ಕೈಗೆ ತೆಗೆದುಕೊಂಡ ಕೂಡಲೇ ಬೆಟ್ಟೆ, ಗೊರಬಲು, ಕೆಂಪುಗೋಟು, ಕೋಕಾ ಎಂದು ಬೇರೆ ಬೇರೆ ಹಾಕುತ್ತಾರೆ, ಹೊರದೇಶದ್ದನ್ನು ಹಾಕಲು ಇನ್ನೊಂದು ಬುಟ್ಟಿ ಕೊಟ್ಟರಾಯಿತು.

ಹಳೆಚಾಲಿ (ಪುತ್ತೂರು)
ಬಿಲ್ಲುಬರಹ, ಮೂಲಪತ್ರ (ಅಡಿಕೆ ಯಾವ ದೇಶದಲ್ಲಿ ಬೆಳೆದದ್ದು ಎಂಬ ಪತ್ರ) ಸುಳ್ಳಾಗಿದ್ದರೆ ಕಸ್ಟಮ್ಸ್‌ನವರು ಏನೂ ಮಾಡಲಾಗುವುದಿಲ್ಲವೇ? ಆ ದೇಶದ ಸರ್ಕಾರದ ಮುದ್ರೆ ಇದೆ ಎಂದು ಸುಮ್ಮನಿರಬೇಕೇ?

ಬಿಲ್ಲುಬರಹ (ಮಂಗಳೂರು)
2020ರ ತನಕ ಹೆಚ್ಚುಕಡಿಮೆ ಹಾಗೆಯೇ ಇತ್ತು. ಮುದ್ರೆ, ಸಹಿ ಸರಿ ಇದ್ದರೆ ಆಮದುದಾರ ‘ನನಗೇನು ಗೊತ್ತು, ಅವರು ಕೊಟ್ಟರು’ ಎನ್ನುತ್ತಿದ್ದ. ಆ ವರ್ಷ ಕಸ್ಟಮ್ಸ್ ಕಾಯ್ದೆಗೆ ಸೆಕ್ಷನ್ 28ಡಿಎ ಸೇರಿಸಿದರು. ಸೆಪ್ಟೆಂಬರ್ 21ರಿಂದ ಮೂಲದೇಶ ಪರಿಶೀಲನೆಗೆ ಕ್ಯಾರೊಟಾರ್ ಎಂಬ ನಿಯಮಗಳು ಜಾರಿಗೆ ಬಂದವು. ಈಗ ಮಾಲು ಎಲ್ಲಿ ಬೆಳೆಯಿತು, ಹೇಗೆ ಸಂಸ್ಕರಣೆಯಾಯಿತು ಎಂಬ ಮಾಹಿತಿಯನ್ನು ಆಮದುದಾರನೇ ಮೊದಲೇ ಪಡೆದಿರಬೇಕು, ಐದು ವರ್ಷ ಇಟ್ಟುಕೊಂಡಿರಬೇಕು, ಕೇಳಿದಾಗ ಕೊಡಬೇಕು. ಅನುಮಾನ ಬಂದರೆ ಪತ್ರ ಕೊಟ್ಟ ದೇಶಕ್ಕೇ ಬರೆದು ಕೇಳುತ್ತಾರೆ. ಅಲ್ಲಿಯವರೆಗೆ ವ್ಯತ್ಯಾಸದ ಸುಂಕಕ್ಕೆ ಭದ್ರತೆ ಕಟ್ಟಿ ಮಾಲು ಬಿಡಿಸಿಕೊಳ್ಳಬೇಕಾಗುತ್ತದೆ.

ನನ್ನ ಅನುಭವದಲ್ಲಿ ಸುಂಕದ ದರಕ್ಕಿಂತ ಈ ಭದ್ರತೆಗೇ ಕಳ್ಳರು ಹೆಚ್ಚು ಹೆದರುತ್ತಾರೆ. ಬಂಡವಾಳ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗಿ ನೀವು ಬೆಳೆಗಾರರು ಪ್ರತಿ ವರ್ಷ ‘ಕನಿಷ್ಠ ಬೆಲೆ ಏರಿಸಿ’ ಎಂದು ಮನವಿ ಕೊಡುವಾಗ ನನಗೆ ನಗು ಬರುತ್ತದೆ. 351 ಹೋಗಿ 451 ಆದರೆ ಇನ್‌ವಾಯ್ಸಿನಲ್ಲಿ ಒಂದು ಅಂಕಿ ಬದಲಾಗುತ್ತದೆ. ಯಾವ ಯಾವ ದೇಶದ ಮೂಲಪತ್ರಗಳನ್ನು ಎಷ್ಟು ಪರಿಶೀಲನೆಗೆ ಕಳಿಸಿದಿರಿ, ಎಷ್ಟಕ್ಕೆ ಉತ್ತರ ಬಂತು ಎಂದು ಕೇಳಿ.

ಕಟ್ಟೆಪುರಾಣ (ಸಾಗರ)
ಎರಡನ್ನೂ ಕೇಳುತ್ತೇವೆ. 451 ಬೇಡ ಎನ್ನಲು ನಾವೇನು ಆಮದುದಾರರೇ?

ಕಡಲಾಚೆ (ನ್ಯೂಜೆರ್ಸಿ)
ಇಲ್ಲಿ ಕುಳಿತವರಿಗೆ ಸುಂಕ ಎಂದರೆ ಏನೆಂದು 2025ರ ಆಗಸ್ಟಿನಲ್ಲಿ ಗೊತ್ತಾಯಿತು. ಅದುವರೆಗೆ ಊರಿನಿಂದ ಬರುವ 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಸುಂಕವೇ ಇರಲಿಲ್ಲ. 29ರಿಂದ ಆ ವಿನಾಯಿತಿ ರದ್ದಾಯಿತು. ಅದಕ್ಕೂ ಮೊದಲೇ, 25ರಿಂದ, ನಮ್ಮ ಅಂಚೆ ಇಲಾಖೆ ಅಮೆರಿಕಕ್ಕೆ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತು. ಅಮ್ಮ ತೀರ್ಥಹಳ್ಳಿಯ ಅಂಚೆ ಕಚೇರಿಯಿಂದ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬ ಹಿಡಿದುಕೊಂಡು ವಾಪಸ್ ಬಂದರು. ಅಕ್ಟೋಬರಿನಲ್ಲಿ ಮತ್ತೆ ಶುರುವಾಯಿತು, ಸುಂಕವನ್ನು ಅಲ್ಲೇ ಮೊದಲೇ ಕಟ್ಟುವ ವ್ಯವಸ್ಥೆಯೊಂದಿಗೆ.

ಮೆಣಸಿನಬಳ್ಳಿ (ಮಡಿಕೇರಿ)
ಉಪ್ಪಿನಕಾಯಿ ಏನಾಯಿತು?

ಕಡಲಾಚೆ (ನ್ಯೂಜೆರ್ಸಿ)
ಅಣ್ಣನ ಮನೆಯವರು ತಿಂದರು.

ಬಯಲುಸೀಮೆ (ಚನ್ನಗಿರಿ)
ಗಡಿಯಲ್ಲಿ, ಬಂದರಿನಲ್ಲಿ ಹಿಡಿದ ಅಡಿಕೆಯನ್ನು ಏನು ಮಾಡುತ್ತಾರೆ? ಸುಡುತ್ತಾರೆಯೇ?

ಬಿಲ್ಲುಬರಹ (ಮಂಗಳೂರು)
ಆಹಾರ ಸುರಕ್ಷತೆಯ ಪರೀಕ್ಷೆಯಲ್ಲಿ ತಿನ್ನಲು ಯೋಗ್ಯವಲ್ಲ ಎಂದು ಬಂದರೆ ನಾಶ. ಯೋಗ್ಯ ಎಂದು ಬಂದರೆ ಹರಾಜು.

ಬಯಲುಸೀಮೆ (ಚನ್ನಗಿರಿ)
ಹರಾಜಿನಲ್ಲಿ ಕೊಳ್ಳುವವರು?

ಬಿಲ್ಲುಬರಹ (ಮಂಗಳೂರು)
ಅಡಿಕೆ ವ್ಯಾಪಾರಿಗಳು. ಕಲ್ಲಿದ್ದಲು ವ್ಯಾಪಾರಿಗಳು ಏಕೆ ಕೊಳ್ಳುತ್ತಾರೆ?

ತೋಟದಮನೆ (ಶಿರಸಿ)
ಅಂದರೆ ಕಳ್ಳದಾರಿಯಲ್ಲಿ ಬಂದ ಮಾಲು ಸರ್ಕಾರದ ರಸೀದಿಯೊಂದಿಗೆ ನಮ್ಮ ಮಾರುಕಟ್ಟೆಗೇ ಬರುತ್ತದೆ. ಚೆನ್ನಾಗಿದೆ. ಬಿಲ್ಲುಬರಹ ಅವರೇ, ಯಾವ ದೇಶದಿಂದ ಎಷ್ಟು ಅಡಿಕೆ ಬಂತು ಎಂದು ನಮ್ಮಂಥವರು ನೋಡಲು ಸಾಧ್ಯವೇ? ಅದಕ್ಕೂ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕೇ?

ಬಿಲ್ಲುಬರಹ (ಮಂಗಳೂರು)
ಬೇಡ. ವಾಣಿಜ್ಯ ಸಚಿವಾಲಯದ ಜಾಲತಾಣದಲ್ಲಿ ತಿಂಗಳುವಾರು, ದೇಶವಾರು ಅಂಕಿಅಂಶ ಸಿಗುತ್ತದೆ. ಆಮದು ವಿಭಾಗದಲ್ಲಿ 080280 ಎಂದು ಹಾಕಿ. ಪ್ರಮಾಣವನ್ನೂ ಮೌಲ್ಯವನ್ನೂ ತೆಗೆದುಕೊಂಡು ಭಾಗಿಸಿ, ಕೆ.ಜಿ.ಗೆ ಎಷ್ಟು ಬಿತ್ತು ನೋಡಿ. ಯಾವ ದೇಶದ ಅಂಕಿ 351ಕ್ಕೆ ಅಂಟಿಕೊಂಡು ಕೂತಿದೆಯೋ ಅದರ ಪಕ್ಕದಲ್ಲಿ ಗುರುತು ಹಾಕಿ. ಹಾಗೆಯೇ 200819 ಹಾಕಿ 2025ರ ಏಪ್ರಿಲಿನ ಹಿಂದೆ ಮುಂದೆ ಹೋಲಿಸಿ. ಅದರಲ್ಲಿ ಬೇರೆ ಬೀಜಗಳೂ ಸೇರಿರುತ್ತವೆ, ಅದನ್ನು ಗಮನದಲ್ಲಿಟ್ಟುಕೊಳ್ಳಿ.

ತೋಟದಮನೆ (ಶಿರಸಿ)
ಮಗಳು ಊರಿಗೆ ಬಂದಿದ್ದಾಳೆ, ರಾತ್ರಿ ಕೂರಿಸಿಕೊಂಡು ನೋಡುತ್ತೇನೆ. ಪಟ್ಟಿ ಸಿಕ್ಕರೆ ಇಲ್ಲೇ ಹಾಕುತ್ತೇನೆ. ಈಗ ಕರೆಂಟಿಲ್ಲ.